ಒಗೆದು ಒಣಹಾಕಿದ ಗುಲಾಬಿ

ಯಜ್ಞನಾರಾಯಣ ಒಂದು ಕೆಲಸಕ್ಕೆ ಕೈ ಹಾಕಿದನೆಂದರೆ ಅದನ್ನು ಪೂರ್ತಿ ಕೆಡಿಸದೆ ಬಿಡುವವನಲ್ಲ. ಇದನ್ನು ನಾನು ಚಾಡಿಯಾಗಿ ಹೇಳುತ್ತಿಲ್ಲ. ಎರ್ನಾಕುಲಂನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಆರು ವರ್ಷ ಅವನ ಪಕ್ಕದ ಮೇಜಿನಲ್ಲಿ ಕೂತವನಾಗಿ ಸಾಕ್ಷಿ ನುಡಿಯುತ್ತಿದ್ದೇನೆ. ಕಚೇರಿಯ ಗೋಡೆ ಗಡಿಯಾರ ಎರಡು ನಿಮಿಷ ಹಿಂದೆ ಬಿದ್ದಾಗ ಸರಿಮಾಡುತ್ತೇನೆಂದು ಏಣಿ ಹತ್ತಿದವನು ಅವನೇ. ಆಮೇಲೆ ಮೂರು ತಿಂಗಳು ನಮ್ಮ ಕಚೇರಿಗೆ ಗಡಿಯಾರವೇ ಇರಲಿಲ್ಲ.

ನಾವಿಬ್ಬರೂ ಕಾಸರಗೋಡಿನವರು. ಐವತ್ತಾರರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿದಾಗ, ‘ನಾವಾದರೋ ಮೊದಲೇ ಬಂದು ಜಾಗ ಹಿಡಿದಿದ್ದೇವೆ’ ಎಂದು ಸಮಾಧಾನ ಮಾಡಿಕೊಂಡವರು. ಅವನು ಪಾಲಾರಿವಟ್ಟಂನಲ್ಲಿ ಅಂಗಳವಿರುವ ಒಂದು ಸಣ್ಣ ಬಾಡಿಗೆ ಮನೆಯಲ್ಲಿದ್ದ. ಮುಂದೆ ಮಣ್ಣಿನ ರಸ್ತೆ. ಆ ರಸ್ತೆಯಲ್ಲಿ ಒಂದು ಲಾರಿ ಹೋಯಿತೆಂದರೆ ಅದರ ಧೂಳು ಕೂರುವಷ್ಟರಲ್ಲಿ ಇನ್ನೊಂದು ಲಾರಿ ಬರುತ್ತಿತ್ತು.

ಐವತ್ತೆಂಟನೆಯ ಇಸವಿಯ ಮಾತು. ಅವನ ಹೆಂಡತಿ ಚಂದ್ರಾವತಿ ಆಗ ನಾಲ್ಕು ತಿಂಗಳ ಗರ್ಭಿಣಿ. ಹಿಂದೆ ಎರಡು ಸಲ ಕೈತಪ್ಪಿತ್ತು. ಈ ಸಲ ಡಾಕ್ಟರು, ‘ಮಲಗಿಯೇ ಇರಬೇಕು, ಸಾಧ್ಯವಾದರೆ ದೊಡ್ಡ ಆಸ್ಪತ್ರೆಯ ಹತ್ತಿರ ಇರಬೇಕು’ ಎಂದಿದ್ದರು. ಅವಳ ಅಕ್ಕ ಸುಮಿತ್ರ ಇದ್ದದ್ದು ತಿರುವನಂತಪುರದ ಉಳ್ಳೂರಿನಲ್ಲಿ, ಮೆಡಿಕಲ್ ಕಾಲೇಜಿನಿಂದ ಕೂಗಳತೆಯಲ್ಲಿ. ಅಕ್ಕನ ಮನೆಯಲ್ಲಿ ಅತ್ತೆ, ಮಾವ, ನಾಲ್ಕು ಮಕ್ಕಳು ಸೇರಿ ಕಾಲು ಚಾಚಲು ಜಾಗವಿರಲಿಲ್ಲ. ಆದರೆ ಪಕ್ಕದಲ್ಲೇ ಒಂದು ಮನೆ ಹಿಡಿದರೆ ಅಕ್ಕ ಬಂದುಹೋಗಿ ನೋಡಿಕೊಳ್ಳುತ್ತಿದ್ದಳು. ಅದಕ್ಕೆ ಯಜ್ಞನಾರಾಯಣನಿಗೆ ತಿರುವನಂತಪುರಕ್ಕೆ ವರ್ಗವಾಗಬೇಕು. ಅರ್ಜಿ ಕೊಟ್ಟು ಎರಡು ತಿಂಗಳಾಗಿತ್ತು. ಅದು ಸೂಪರಿಂಟೆಂಡೆಂಟ್ ಚಾಕೋ ಅವರ ಮೇಜಿನ ಮೇಲೆ, ಒಂದು ಕಟ್ಟಿನ ಅಡಿಯಲ್ಲಿ, ನಿಶ್ಚಿಂತೆಯಿಂದ ಮಲಗಿತ್ತು.

ಚಂದ್ರಾವತಿ ಮಲಗುವ ಕೋಣೆಯ ಕಿಟಕಿಯ ಬಳಿ ಒಂದು ಗಾಜಿನ ಹೂದಾನಿ ಇತ್ತು. ಅದರಲ್ಲಿ ಬಟ್ಟೆಯ ಗುಲಾಬಿಗಳು, ಎಂಟು ಕೆಂಪು, ನಾಲ್ಕು ಬಿಳಿ. ಮದುವೆಗೆ ಮುಂಚೆ ಹೊಲಿಗೆ ಕ್ಲಾಸಿನಲ್ಲಿ ಅವಳೇ ಮಾಡಿದ್ದು. ತಂತಿಯ ತೊಟ್ಟು, ಅದಕ್ಕೆ ಸುತ್ತಿದ ಹಸಿರು ಕಾಗದ. ಪಾಲಾರಿವಟ್ಟಂನ ಧೂಳು ಕುಡಿದು ಈಗ ಹನ್ನೆರಡೂ ಒಂದೇ ಬಣ್ಣಕ್ಕೆ ಬಂದಿದ್ದವು.

“ಇದನ್ನೆಲ್ಲ ಬಿಸಾಡಿ ಮಾರಾಯ್ರೆ,” ಎಂದಳು ಚಂದ್ರಾವತಿ ಒಂದು ಭಾನುವಾರ ಬೆಳಿಗ್ಗೆ. “ಆ ಧೂಳಿಗೆ ನನಗೆ ಸೀನು ನಿಲ್ಲುವುದಿಲ್ಲ. ಸೀನಿದರೆ ಹೊಟ್ಟೆ ಹಿಡೀತದೆ.”

“ಬಿಸಾಡುವುದಾ? ನೀನೇ ಕೈಯಾರೆ ಮಾಡಿದ್ದಲ್ಲವಾ? ಒಗೆದರೆ ಆಯ್ತು.”

“ಹೂವನ್ನು ಒಗೆಯುವುದಾ?”

“ಬಟ್ಟೆಯ ಹೂವಲ್ಲವಾ? ಬಟ್ಟೆಯನ್ನು ಒಗೆಯದೆ ಮತ್ತೆ ಎಂತ ಮಾಡುವುದು?”

ತರ್ಕದಲ್ಲಿ ತಪ್ಪಿರಲಿಲ್ಲ. ಅವನ ತರ್ಕದಲ್ಲಿ ಎಂದೂ ತಪ್ಪಿರುತ್ತಿರಲಿಲ್ಲ. ಬಾವಿಕಟ್ಟೆಯ ಬಳಿ ಬಕೆಟ್ ಇಟ್ಟು, ಬಟ್ಟೆ ಸೋಪು ಕದಡಿ, ಹನ್ನೆರಡನ್ನೂ ಒಟ್ಟಿಗೆ ಮುಳುಗಿಸಿದ. ನೀರು ಕೆಂಪಾಯಿತು. ಮೇಲೆತ್ತಿದಾಗ ಕೆಂಪು ಗುಲಾಬಿಗಳು ನಸುಗೆಂಪಾಗಿದ್ದವು, ಬಿಳಿಯವುಗಳ ಮೈತುಂಬ ಕೆಂಪು ಗೆರೆ ಎದ್ದಿತ್ತು. ಎಲ್ಲವೂ ಮಳೆಯಲ್ಲಿ ನೆನೆದ ಕೋಳಿಮರಿಗಳ ಹಾಗೆ ಕತ್ತು ಜೋತುಹಾಕಿದ್ದವು.

ಬೇರೆಯವನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದ. ಇವನು ಒಳಗೆ ಹೋಗಿ ಬೆಳಗಿನ ಗಂಜಿಯ ತಿಳಿ ಬಸಿದುಕೊಂಡು ಬಂದ. ಅಂಗಿಯ ಕಾಲರಿಗೆ ಗಂಜಿ ಹಾಕುವಂತೆ ಒಂದೊಂದು ಹೂವನ್ನೂ ಅದರಲ್ಲಿ ಅದ್ದಿದ. ಆದರೆ ಎಸಳುಗಳು ಒಂದಕ್ಕೊಂದು ಅಂಟಿಕೊಂಡವು. ಬಿಡಿಸಲು ಆವಿ ಬೇಕು, ಅದೂ ಸಣ್ಣ ಬಾಯಿಂದ ನೇರವಾಗಿ ಬರುವ ಆವಿ. ಯೋಚಿಸಿದ. ಬೇಲಿಯಾಚೆ ಹೋಗಿ ನೆರೆಮನೆಯ ಪಿಳ್ಳೆಯವರ ಹೆಂಡತಿಯಿಂದ, ಅಕ್ಕಿಹಿಟ್ಟನ್ನು ಆವಿಯಲ್ಲಿ ಬೇಯಿಸಿ ಪುಟ್ಟು ಮಾಡುವ ಕೊಳವೆಯನ್ನು ಕೇಳಿ ತಂದ. ನೀರಿನ ಪಾತ್ರೆಯ ಮೇಲೆ ಕೊಳವೆ ಕೂರಿಸಿ ಕೆಳಗೆ ಬೆಂಕಿ ಮಾಡಿದ. ಮೇಲೆ ಬುಸುಬುಸು ಬಂದ ಆವಿಗೆ ಒಂದು ಗುಲಾಬಿ ಹಿಡಿದು, ಬೆರಳಿಂದ ಎಸಳಿನ ಅಂಚು ಸುರುಳಿ ಮಾಡಿದ. ಹೂವು ಮೆಲ್ಲಗೆ ಬಾಯಿ ಬಿಟ್ಟಿತು. ಅದನ್ನು ನೋಡಿ ಅವನೂ ಬಾಯಿ ಬಿಟ್ಟ. ಜೀವಮಾನದಲ್ಲಿ ಅವನು ಕೈ ಹಾಕಿದ ಕೆಲಸ ಸರಿಯಾದದ್ದು ಅದೇ ಮೊದಲು.

ಬೆರಳುಗಳಿಗೆಲ್ಲ ಬೊಬ್ಬೆ ಎದ್ದಿತ್ತು. ಕಿಟಕಿಯಿಂದ ನೋಡುತ್ತಿದ್ದ ಚಂದ್ರಾವತಿ ನಕ್ಕಳು. ಆ ಮನೆಯಲ್ಲಿ ಅವಳ ನಗು ಕೇಳಿ ಬಹಳ ದಿನವಾಗಿತ್ತು. ಅದಕ್ಕಾಗಿ ಇನ್ನೂ ಹನ್ನೆರಡು ಬೊಬ್ಬೆಗೆ ತಾನು ತಯಾರಿದ್ದೆ ಎಂದು ಅವನು ಆಮೇಲೆ ನನ್ನಲ್ಲಿ ಹೇಳಿದ.

ಒಣಗಿಸುವುದೆಲ್ಲಿ? ಮಲಗಿಸಿದರೆ ಎಸಳು ಚಪ್ಪಟೆಯಾಗುತ್ತದೆ. ಅಂಗಳದ ಮೂಲೆಯಲ್ಲಿ ಹಿಂದಿನ ಬಾಡಿಗೆಯವರು ಬಿಟ್ಟುಹೋದ ಒಂದು ಗುಲಾಬಿ ಗಿಡವಿತ್ತು. ಆ ಮರಳಿನಲ್ಲಿ ಅದು ಎಲೆ ಮುಳ್ಳು ಬಿಟ್ಟು ಬೇರೇನನ್ನೂ ಬಿಟ್ಟದ್ದಿಲ್ಲ. ಯಜ್ಞನಾರಾಯಣ ಹನ್ನೆರಡು ತಂತಿಗಳನ್ನೂ ಅದರ ರೆಂಬೆಗಳಿಗೆ ಸುತ್ತಿ, ಹೂವುಗಳನ್ನು ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ, ಕೈ ತೊಳೆದುಕೊಂಡ. ಸಂಜೆ ತೆಗೆಯಲು ಮರೆತ.

ಮರುದಿನ ಬೆಳಿಗ್ಗೆ ಬೇಲಿಯಾಚೆಯಿಂದ ಒಂದು ಕೂಗು ಕೇಳಿತು. ಕೂಗಿದವರು ಕೊಚ್ಚುಕೃಷ್ಣ ಪಿಳ್ಳೆ, ನಿವೃತ್ತ ಪೋಸ್ಟ್‌ಮಾಸ್ಟರು. ಮೂವತ್ತು ವರ್ಷ ಊರಿನ ಕಾಗದಗಳನ್ನು ಹಂಚಿದವರು, ಈಗ ಕಾಗದವಿಲ್ಲದೆಯೇ ಸುದ್ದಿ ಹಂಚುತ್ತಿದ್ದರು.

“ಸಾರೇ! ಗುಲಾಬಿ! ಒಂದೇ ರಾತ್ರಿಗೆ ಹನ್ನೆರಡು!” ಪಿಳ್ಳೆಯವರು ಮಲಯಾಳದಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಕಣ್ಣಿನ ಅಗಲವನ್ನು ಬರೆಯಲಾರೆ. “ಅದರಲ್ಲೂ ನಾಲ್ಕು ಎರಡು ಬಣ್ಣದ್ದು! ಹದಿನಾಲ್ಕು ವರ್ಷದಿಂದ ಈ ಮರಳಿನಲ್ಲಿ ಒಂದು ಮೊಗ್ಗು ಕಂಡವನಿಲ್ಲ ನಾನು. ಏನು ಮಾಡಿದಿರಿ ಸಾರ್?”

ಅದು ಬಟ್ಟೆ ಎಂದು ಹೇಳಲು ಯಜ್ಞನಾರಾಯಣ ಬಾಯಿ ತೆರೆದದ್ದು ನಿಜ. ಆದರೆ ಯಾರೂ ಅದುವರೆಗೆ ಅವನನ್ನು, ‘ಏನು ಮಾಡಿದಿರಿ ಸಾರ್’ ಎಂದು ಗೌರವದಿಂದ ಕೇಳಿರಲಿಲ್ಲ. ಎಲ್ಲರೂ, ‘ಏನು ಮಾಡಿದೆಯಪ್ಪಾ’ ಎಂದೇ ಕೇಳಿದ್ದು.

“ಗಂಜಿಯ ತಿಳಿ ಹಾಕಿದೆ,” ಎಂದ.

“ಗಂಜಿಯ ತಿಳಿ!”

“ಸ್ವಲ್ಪ ಆವಿಯೂ ಹಿಡಿಸಿದೆ.”

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಪಿಳ್ಳೆಯವರು ಮೂಸಿ ನೋಡಲು ಬೇಲಿ ದಾಟಿ ಒಂದು ಕಾಲು ಈಚೆಗಿಟ್ಟರು. ಯಜ್ಞನಾರಾಯಣ ಎರಡು ಕೈ ಅಡ್ಡ ಹಿಡಿದ. “ಬೇಡ ಪಿಳ್ಳೆಯವರೇ. ನಮ್ಮಲ್ಲಿ ದೇವರಿಗೆ ಇಡುವ ಹೂವನ್ನು ಮೂಸುವ ಪದ್ಧತಿ ಇಲ್ಲ. ಮುಟ್ಟಿದರೂ ಮೈಲಿಗೆ.”

ಇದೂ ಸುಳ್ಳಲ್ಲ. ನಮ್ಮ ಕಡೆ ಅಂಥ ಪದ್ಧತಿ ಇಲ್ಲ. ಪಿಳ್ಳೆಯವರು ಚಾಚಿದ ಕಾಲನ್ನು ಗೌರವದಿಂದ ಹಿಂದಕ್ಕೆ ತೆಗೆದುಕೊಂಡರು. ಅಷ್ಟೇ ಅಲ್ಲ, ಬೇಲಿಯ ಕಾವಲನ್ನು ತಾವೇ ವಹಿಸಿಕೊಂಡು, ನೋಡಲು ಬಂದವರನ್ನೆಲ್ಲ, “ದೂರ! ದೂರ! ದೇವರದ್ದು!” ಎಂದು ಹತ್ತಡಿ ಆಚೆ ನಿಲ್ಲಿಸತೊಡಗಿದರು. ಆ ವಾರ ಬೀದಿಯ ಯಾವ ಮನೆಯಲ್ಲೂ ಕುಡಿಯಲು ಗಂಜಿಯ ತಿಳಿ ಉಳಿಯಲಿಲ್ಲ. ಬದನೆ, ಬೆಂಡೆ, ಬಾಳೆ ಎಲ್ಲವೂ ಗಂಜಿ ಕುಡಿದವು.

ಇಷ್ಟಕ್ಕೆ ನಿಂತಿದ್ದರೆ ಸಂಜೆ ಹೂವುಗಳನ್ನು ಒಳಗೆ ತಂದು, ‘ದೇವರಿಗೆ ಏರಿಸಿದೆ’ ಎನ್ನಬಹುದಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಸ್ಸು ಹತ್ತಿ ನಮ್ಮ ಕಚೇರಿಗೆ ಬಂತು. ಸೂಪರಿಂಟೆಂಡೆಂಟ್ ಚಾಕೋ ತಾವೇ ಎದ್ದು ಯಜ್ಞನಾರಾಯಣನ ಮೇಜಿಗೆ ಬಂದರು. ಅವರು ಎದ್ದು ಬರುವುದೆಂದರೆ ನಾವೆಲ್ಲ ಎದ್ದು ನಿಲ್ಲುವುದು.

“ಯಜ್ಞನಾರಾಯಣ, ಎರಡು ಬಣ್ಣದ ಗುಲಾಬಿ ಬೆಳೆದಿದ್ದೀರಂತೆ. ನಮ್ಮ ಡೈರೆಕ್ಟರ್ ಸಾಹೇಬರಿಗೆ ಗುಲಾಬಿ ಎಂದರೆ ಪ್ರಾಣ ಎಂದು ಗೊತ್ತಿಲ್ಲವೇ?”

ಗೊತ್ತಿಲ್ಲದವರು ಯಾರು? ತಿರುವನಂತಪುರದ ಡೈರೆಕ್ಟರ್ ರಾಧಾಕೃಷ್ಣ ಅವರ ಬಂಗಲೆಯ ಗುಲಾಬಿ ತೋಟ ಇಲಾಖೆಯಲ್ಲೆಲ್ಲ ಹೆಸರುವಾಸಿ. ಗೇಟಿನ ಹೊರಗೆ ನಿಂತು ನೋಡಿದವರು ಬಹಳ ಮಂದಿ. ಒಳಗೆ ಹೋದವರಿಲ್ಲ, ಏಕೆಂದರೆ ಕರುವಿನಷ್ಟು ದೊಡ್ಡ ನಾಯಿಯಿತ್ತು. ಸಾಹೇಬರು ಮೂಲದಲ್ಲಿ ಮೈಸೂರಿನವರೆಂದು ಕೇಳಿದ್ದೆವು, ಆದರೆ ಅವರ ಬಾಯಿಂದ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

“ಮುಂದಿನ ಬುಧವಾರ ಇನ್‌ಸ್ಪೆಕ್ಷನ್ನಿಗೆ ಬರುತ್ತಾರೆ. ನಿಮ್ಮ ಗಿಡದ ವಿಷಯ ಬರೆದು ಹಾಕಿದ್ದೇನೆ,” ಎಂದರು ಚಾಕೋ. “ಜೊತೆಗೆ ನಿಮ್ಮ ವರ್ಗದ ಅರ್ಜಿಯನ್ನೂ ಅದೇ ಲಕೋಟೆಯಲ್ಲಿ ಕಳಿಸಿದ್ದೇನೆ. ಒಂದು ಹೂವು ತೋರಿಸಿ, ಕೆಲಸ ಆಗುತ್ತದೆ.”

ಎರಡು ತಿಂಗಳು ಅಲುಗಾಡದ ಕಾಗದ ಎದ್ದು ತಿರುವನಂತಪುರಕ್ಕೆ ಹೊರಟಿತ್ತು. ಅದನ್ನು ಎಬ್ಬಿಸಿದ್ದು ಬಟ್ಟೆಯ ಗುಲಾಬಿ. ಈಗ ನಿಜ ಹೇಳಿದರೆ ಅದು ಮತ್ತೆ ಕಟ್ಟಿನ ಅಡಿಗೆ, ಬಹುಶಃ ಯಜ್ಞನಾರಾಯಣನನ್ನೂ ಕರೆದುಕೊಂಡು.

ಅಂದು ಸಂಜೆ ನಾನು ಅವನ ಜೊತೆಯಲ್ಲೇ ಮನೆಗೆ ಹೋದೆ. ಚಂದ್ರಾವತಿ ಮಲಗಿದಲ್ಲಿಂದಲೇ ಎಲ್ಲವನ್ನೂ ಕೇಳಿದಳು.

“ಸುಳ್ಳು ಹೇಳಿ ವರ್ಗ ಆಗುವುದು ನನಗೆ ಬೇಡ.”

“ನಾನು ಎಲ್ಲಿ ಸುಳ್ಳು ಹೇಳಿದ್ದೇನೆ? ಒಂದು ಸುಳ್ಳು ತೋರಿಸು.”

“ಸಿಕ್ಕಿಬಿದ್ದರೆ ಕೆಲಸವೇ ಹೋಗ್ತದೆ. ಆಗ ನಾವು ಎಂತ ಮಾಡುವುದು? ಈ ಸಲವೂ ಹಾಗೇ ಆದರೆ...” ಅವಳು ಗೋಡೆಯ ಕಡೆ ತಿರುಗಿಕೊಂಡಳು.

“ಆಗುವುದಿಲ್ಲ,” ಎಂದ ಯಜ್ಞನಾರಾಯಣ. “ನಾನು ಆಗಲಿಕ್ಕೆ ಬಿಡುವುದಿಲ್ಲ. ಬುಧವಾರದವರೆಗೆ ಈ ಹೂವು ಬಾಡಬಾರದು, ಅಷ್ಟೇ.”

ಬಾಡುವ ಹೆದರಿಕೆ ಇರಲಿಲ್ಲ. ಹೆದರಿಕೆಯೆಲ್ಲ ಧೂಳಿನದು. ಲಾರಿಗಳು ಹೋದ ಹಾಗೆ ಹೂವುಗಳು ಸಂಜೆಗೆ ಬೂದಿ ಬಣ್ಣಕ್ಕೆ ತಿರುಗುತ್ತಿದ್ದವು. ಆದ್ದರಿಂದ ದಿನಾ ಬೆಳಕು ಹರಿಯುತ್ತಿದ್ದಂತೆ, ಪಿಳ್ಳೆಯವರು ಏಳುವುದಕ್ಕೆ ಮುಂಚೆ, ಹನ್ನೆರಡನ್ನೂ ಗಿಡದಿಂದ ಬಿಚ್ಚಿ ತಂದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ಕೊಡವುತ್ತಿದ್ದ. ತಿಳಿ ಅದ್ದಿ, ಆವಿ ಹಿಡಿಸಿ, ಮತ್ತೆ ಕಟ್ಟುತ್ತಿದ್ದ. ಶುಕ್ರವಾರ ಒಂದು ಮಳೆ ಬಂದು ಬಣ್ಣ ಇನ್ನಷ್ಟು ಇಳಿಯಿತು. ಪಿಳ್ಳೆಯವರು ಅದನ್ನು ನೋಡಿ, “ವಯಸ್ಸಾದ ಹಾಗೆ ಬಣ್ಣ ಬದಲಿಸುವ ಜಾತಿ!” ಎಂದು ಮತ್ತೂ ಎರಡು ಬೀದಿಗೆ ಸಾರಿದರು. ಪಿಳ್ಳೆಯವರ ಹೆಂಡತಿಗೆ ಮಾತ್ರ ಒಂದೇ ಚಿಂತೆ. ಈ ಕಾಸರಗೋಡಿನವರಿಗೆ ದಿನಾ ಪುಟ್ಟು ಯಾಕೆ? ಕೊಳವೆ ಹೋದ ಮೇಲೆ ಅವರ ಮನೆಯಲ್ಲಿ ಹತ್ತು ದಿನ ಪುಟ್ಟೇ ಆಗಲಿಲ್ಲ. ಬಸುರಿ ಹೆಂಗಸಿನ ಬಯಕೆಯಿರಬೇಕೆಂದು ಆ ತಾಯಿ ಸುಮ್ಮನಿದ್ದರು.

ಬುಧವಾರ ಹತ್ತು ಗಂಟೆಗೆ ಡೈರೆಕ್ಟರರ ಕಾರು ಯಜ್ಞನಾರಾಯಣನ ಮನೆಯ ಮುಂದೆ ಬಂದು ನಿಂತಿತು. ಬೇಲಿಯ ಹೊರಗೆ ಐವತ್ತು ಜನ. ಪಿಳ್ಳೆಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಚಾಕೋ ಕಾರಿನ ಬಾಗಿಲು ಹಿಡಿದು ನಿಂತರು. ನಾನು ಬೇಲಿಗೆ ಒರಗಿ, ಪಿಳ್ಳೆಯವರ ಪಕ್ಕದಲ್ಲಿದ್ದೆ. ರಾಧಾಕೃಷ್ಣ ಎತ್ತರದ ಮನುಷ್ಯ, ನಗದ ಮುಖ. ಅವರನ್ನು ಹತ್ತಡಿ ದೂರದಲ್ಲಿ ನಿಲ್ಲಿಸುವ ಧೈರ್ಯ ಪಿಳ್ಳೆಯವರಿಗೂ ಬರಲಿಲ್ಲ. ಡೈರೆಕ್ಟರರು ನೇರ ಗಿಡದ ಬಳಿ ಹೋಗಿ, ಜೇಬಿನಿಂದ ಮಡಿಸುವ ಚಾಕು ತೆಗೆದು, “ಒಂದು ರೆಂಬೆ ಕತ್ತರಿಸಿಕೊಳ್ಳುತ್ತೇನೆ, ನಮ್ಮ ತೋಟಕ್ಕೆ,” ಎಂದರು ಇಂಗ್ಲಿಷಿನಲ್ಲಿ.

ಯಜ್ಞನಾರಾಯಣ ಏನೋ ಹೇಳಹೋದ. ಅಷ್ಟರಲ್ಲಿ ಚಾಕು ತೊಟ್ಟಿಗೆ ತಾಗಿತು.

ಕಿರ್ರ್.

ಡೈರೆಕ್ಟರರು ಇನ್ನೊಮ್ಮೆ ಒತ್ತಿದರು. ಹಸಿರು ಕಾಗದ ಸುಲಿದು ಒಳಗಿನ ತಂತಿ ಮಿಂಚಿತು. ಅವರ ಬೆನ್ನು ಬೇಲಿಯ ಕಡೆಗಿದ್ದುದರಿಂದ ಜನಕ್ಕೆ ಏನೂ ಕಾಣಲಿಲ್ಲ. ಅವರು ಎಸಳನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ ತಲೆ ಎತ್ತದೆ, ಅಚ್ಚ ಮೈಸೂರು ಕನ್ನಡದಲ್ಲಿ, ಮೆಲ್ಲಗೆ ಕೇಳಿದರು:

“ಏನ್ರೀ ಇದು?”

ಆ ಐವತ್ತು ಜನರಲ್ಲಿ ಕನ್ನಡ ಬರುತ್ತಿದ್ದವನು ನಾನೊಬ್ಬನೇ.

“ಸರ್, ಅದು ಹೂವಲ್ಲ, ಬಟ್ಟೆ,” ಎಂದ ಯಜ್ಞನಾರಾಯಣ. “ನನ್ನ ಹೆಂಡತಿ ಮಾಡಿದ್ದು. ಧೂಳು ಹಿಡಿದಿತ್ತು, ಒಗೆದು ಒಣಗಲಿಕ್ಕೆ ಹಾಕಿದೆ. ಇವರೆಲ್ಲ ನಿಜದ್ದು ಅಂತ ತಿಳಿದರು. ನಾನು ಅಲ್ಲ ಅಂತ ಹೇಳಲಿಲ್ಲ.”

ಪಿಳ್ಳೆಯವರು ನನ್ನ ಪಕ್ಕೆಗೆ ತಿವಿದರು. “ಏನಂತೆ? ಏನಂತೆ?”

“ಗಿಡದ ವಂಶ ಹೇಳುತ್ತಿದ್ದಾನೆ,” ಎಂದೆ.

“ಯಾಕ್ರೀ ಹೇಳಲಿಲ್ಲ?” ಎಂದರು ಡೈರೆಕ್ಟರ್.

“ವರ್ಗದ ಅರ್ಜಿ ನಿಮ್ಮ ಕಣ್ಣಿಗೆ ಬೀಳಲಿ ಅಂತ. ಎರಡು ಮಗು ಹೋಯ್ತು ಸರ್ ನಮಗೆ. ಇದು ಮೂರನೆಯದು. ಡಾಕ್ಟ್ರು ದೊಡ್ಡ ಆಸ್ಪತ್ರೆ ಹತ್ತಿರ ಇರಬೇಕು ಅಂತ ಹೇಳಿದ್ದಾರೆ. ಅವಳ ಅಕ್ಕ ಉಂಟು ಅಲ್ಲಿ. ನನಗೆ ಎಂತ ಶಿಕ್ಷೆ ಬೇಕಾದರೂ ಕೊಡಿ. ಅವಳನ್ನು ಮಾತ್ರ ಅಲ್ಲಿಗೆ ಮುಟ್ಟಿಸಲಿಕ್ಕೆ ಬಿಡಿ.” ಅವನು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡ.

“ಡಾಕ್ಟರ್ ಎಂದರಲ್ಲ?” ಎಂದು ಪಿಳ್ಳೆಯವರು ಪಿಸುಗುಟ್ಟಿದರು.

“ಗಿಡಗಳ ಡಾಕ್ಟರು.”

“ಅಳುತ್ತಿದ್ದಾರಲ್ಲ!”

“ಅದರ ಮೇಲೆ ಅಷ್ಟು ಜೀವ.”

ಪಿಳ್ಳೆಯವರೂ ಕಣ್ಣೊರೆಸಿಕೊಂಡರು. ಅವರನ್ನು ನೋಡಿ ಇನ್ನೂ ನಾಲ್ಕು ಮಂದಿ ಒರೆಸಿಕೊಂಡರು.

ಡೈರೆಕ್ಟರರು ಹೂವನ್ನು ಅತ್ತಿತ್ತ ತಿರುಗಿಸಿ ಮತ್ತೊಮ್ಮೆ ನೋಡಿದರು. ಯಜ್ಞನಾರಾಯಣನ ಕೆಲಸ ಹೋಯಿತೆಂದೇ ನಾನು ತೀರ್ಮಾನಿಸಿದೆ. ಕಿಟಕಿಯ ಸರಳು ಹಿಡಿದು ನಿಂತಿದ್ದ ಚಂದ್ರಾವತಿಯ ಮುಖ ಬಿಳಿಚಿತ್ತು.

“ನಗಬೇಡಿ,” ಎಂದರು ಡೈರೆಕ್ಟರ್ ಕೊನೆಗೆ. “ಮುಖ ಹೀಗೇ ಇಟ್ಕೊಳ್ಳಿ. ನಮ್ಮ ಮನೇಲಿರೋದೂ ಬಟ್ಟೇದೇ ಕಣ್ರೀ.”

ನಾನು ಬೇಲಿಯ ಗೂಟವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಏನಂದರು?” ಎಂದರು ಪಿಳ್ಳೆ.

“ಇಂಥದ್ದೇ ಅವರ ಮನೆಯಲ್ಲೂ ಇದೆಯಂತೆ,” ಎಂದೆ.

“ಮೂವತ್ತು ಗಿಡ ತರಿಸ್ದೆ, ಮೂವತ್ತೂ ಸತ್ವು,” ಎಂದು ಡೈರೆಕ್ಟರರು ಗಿಡವನ್ನೇ ನೋಡುತ್ತ ಮುಂದುವರಿಸಿದರು. “ಅಷ್ಟರಲ್ಲಿ ದೆಹಲಿಯಿಂದ ಯಾರೋ ದೊಡ್ಡೋರು ತೋಟ ನೋಡೋಕೆ ಬರ್ತೀನಿ ಅಂದ್ರು. ನನ್ನ ಹೆಂಡ್ತಿ ಬೆಂಗಳೂರಿಂದ ಬಟ್ಟೆ ಹೂವು ತರಿಸಿ ಸತ್ತ ಗಿಡಗಳಿಗೆ ಕಟ್ಟಿದ್ಲು. ಅವತ್ತು ಶುರುವಾದ್ದು ನೋಡಿ, ಬಿಡೋ ಹಾಗಿಲ್ಲ. ಆ ನಾಯಿನ ಮತ್ಯಾಕೆ ಸಾಕಿದೀನಿ ಅಂದ್ಕೊಂಡ್ರಿ? ಈಗ ಧೂಳು ಕೂತು ಕಾಣೋಕೆ ಅಸಹ್ಯ. ಒಗೆದ್ರೆ ಮುದ್ದೆ ಆಗುತ್ತೆ. ನಿಮ್ದು ಹೇಗ್ರೀ ಇಷ್ಟು ಗರಿಗರಿ?”

“ಗಂಜಿಯ ತಿಳಿ ಸರ್. ಮತ್ತೆ ಪುಟ್ಟಿನ ಕೊಳವೆಯ ಆವಿ. ಎಸಳಿನ ಅಂಚನ್ನು ಬಿಸಿ ಇರುವಾಗಲೇ ಸುರುಳಿ ಮಾಡಬೇಕು.”

“ಕಂಜಿ!” ಎಂದು ಪಿಳ್ಳೆಯವರು ಕೂಗಿಯೇಬಿಟ್ಟರು. ‘ಡಾಕ್ಟರ್’ ಆದ ಮೇಲೆ ಅವರ ಕಿವಿಗೆ ಸಿಕ್ಕಿದ ಮಾತು ಅದು, ಗಂಜಿಗೆ ಮಲಯಾಳದಲ್ಲಿ ಕಂಜಿ. “ಕೇಳಿದಿರಾ? ಡೈರೆಕ್ಟರಿಗೂ ಅದನ್ನೇ ಹೇಳಿದರು! ಮನುಷ್ಯ ಗುಟ್ಟು ಇಟ್ಟುಕೊಳ್ಳುವವನಲ್ಲ!”

ಡೈರೆಕ್ಟರರು ಜೇಬಿನ ಪುಸ್ತಕ ತೆಗೆದು ಬರೆದುಕೊಂಡರು. ಒಬ್ಬ ಗುಮಾಸ್ತ ಹೇಳುವುದನ್ನು ಡೈರೆಕ್ಟರ್ ಬರೆದುಕೊಳ್ಳುವ ದೃಶ್ಯವನ್ನು ಚಾಕೋ ಜೀವಮಾನದಲ್ಲಿ ಕಂಡಿರಲಿಲ್ಲ. ಕಾರಿನ ಬಾಗಿಲು ಹಿಡಿದ ಅವರ ಕೈ ಸಡಿಲವಾಯಿತು.

ಪುಸ್ತಕ ಮುಚ್ಚಿ, ಚಾಕು ಮಡಿಸಿ, ಡೈರೆಕ್ಟರರು ಜನರ ಕಡೆ ತಿರುಗಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿದರು:

“ಮಿಸ್ಟರ್ ಚಾಕೋ, ಇಂಥ ಗುಲಾಬಿಯನ್ನು ನಾನು ಈ ರಾಜ್ಯದಲ್ಲಿ ಇನ್ನೊಂದೇ ಕಡೆ ನೋಡಿದ್ದೇನೆ. ಆದರೆ ಇಲ್ಲಿಯ ಧೂಳು ಇದಕ್ಕೆ ಒಗ್ಗುವುದಿಲ್ಲ. ಗಿಡವನ್ನು ಕೂಡಲೇ ತಿರುವನಂತಪುರಕ್ಕೆ ಸಾಗಿಸಬೇಕು. ಆರೈಕೆ ಗೊತ್ತಿರುವವನು ಜೊತೆಗಿರಬೇಕು. ಇವರ ವರ್ಗದ ಆಜ್ಞೆ ನಾಳೆ ಹೊರಡುತ್ತದೆ. ಇವರ ಪತ್ನಿಯನ್ನು ನನ್ನ ಕಾರಿನಲ್ಲಿ, ಬಹಳ ನಿಧಾನವಾಗಿ, ಕರೆದುಕೊಂಡು ಬರತಕ್ಕದ್ದು.”

ಜನ ಚಪ್ಪಾಳೆ ತಟ್ಟಿದರು. ಯಜ್ಞನಾರಾಯಣ ಗಿಡದ ಪಕ್ಕದಲ್ಲಿ ಮರಳಿನ ಮೇಲೆ ಕೂತುಬಿಟ್ಟ. ಅದು ವಿನಯವೆಂದು ಎಲ್ಲರೂ ತಿಳಿದರು. ಗಿಡವನ್ನು ಪಿಳ್ಳೆಯವರೇ ಬೇರು ಸಮೇತ ಅಗೆದು, ಒದ್ದೆ ಗೋಣಿಯಲ್ಲಿ ಸುತ್ತಿ, ಲಾರಿಗೆ ಏರಿಸಿದರು. ದೇವರ ಹೂವನ್ನು ತಾವು ಮುಟ್ಟಬಾರದೆಂದು, ಹೂವು ಬಿಚ್ಚುವ ಕೆಲಸವನ್ನು ಯಜ್ಞನಾರಾಯಣನಿಗೇ ಬಿಟ್ಟು, ಮುಖ ಆಚೆ ತಿರುಗಿಸಿ ನಿಂತಿದ್ದರು.

ಐದು ತಿಂಗಳಾದ ಮೇಲೆ ಉಳ್ಳೂರಿನಿಂದ ನನಗೆ ಒಂದು ಕಾರ್ಡು ಬಂತು. ಹೆಣ್ಣು ಮಗು, ತಾಯಿ ಮಗು ಕ್ಷೇಮ. ಪಿಳ್ಳೆಯವರೂ ನಾನೂ ರೈಲು ಹತ್ತಿ ಹೋದೆವು. ಪಿಳ್ಳೆಯವರ ಕಂಕುಳಲ್ಲಿ ಹೊಸದೊಂದು ಪುಟ್ಟಿನ ಕೊಳವೆ, ಬಾಣಂತಿಗೆ ಹೆಂಡತಿ ಕೊಟ್ಟ ಉಡುಗೊರೆ.

ಯಜ್ಞನಾರಾಯಣನ ಬೆರಳುಗಳು ಬೆಂದು ಗಟ್ಟಿಯಾಗಿದ್ದವು. ಪ್ರತಿ ಭಾನುವಾರ ಡೈರೆಕ್ಟರರ ಹಿತ್ತಲಲ್ಲಿ ಮುನ್ನೂರು ಹೂವಿಗೆ ಆವಿ ಹಿಡಿಸಬೇಕಿತ್ತು. ಡೈರೆಕ್ಟರರು ಪಕ್ಕದಲ್ಲೇ ಕೂತು ಧೂಳು ಕೊಡವಿ ಕೊಡುತ್ತಿದ್ದರಂತೆ. “ನಾಯಿ ಈಗ ನನ್ನನ್ನು ಕಂಡರೆ ಬಾಲ ಅಲ್ಲಾಡಿಸ್ತದೆ,” ಎಂದು ಅವನು ನನಗೆ ಕನ್ನಡದಲ್ಲಿ ಹೇಳಿದ.

ಪಿಳ್ಳೆಯವರು ಮಗುವಿನ ಕೈಗೆ ಒಂದು ನಾಣ್ಯವಿಟ್ಟು, ಕೂಡಲೇ, “ಗಿಡ ಎಲ್ಲಿ?” ಎಂದರು.

ಗಿಡ ಅಂಗಳದಲ್ಲಿತ್ತು. ಬಟ್ಟೆಯ ಹೂವುಗಳು ಒಳಗೆ ಹೂದಾನಿಯಲ್ಲಿದ್ದವು. ಉಳ್ಳೂರಿನ ಮಣ್ಣು ಹಿಡಿಸಿತೋ ಏನೋ, ಗಿಡದ ತುದಿಯಲ್ಲಿ ಅದೇ ದಿನ ಒಂದು ಗುಲಾಬಿ ಅರಳಿತ್ತು. ತಿಳಿ ಗುಲಾಬಿ ಬಣ್ಣ, ಅಂಗೈಯಷ್ಟೂ ಇಲ್ಲ. ಒಂದು ಎಸಳನ್ನು ಹುಳ ತಿಂದಿತ್ತು.

ಪಿಳ್ಳೆಯವರು ಅದರ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು. ಅಪ್ಪಣೆ ಕೇಳಿ ಮೂಸಿದರು. ಒಂದು ಎಸಳು ಅವರ ಮೂಗಿಗೆ ತಾಗಿ ಉದುರಿತು. ಬೆನ್ನು ನೆಟ್ಟಗೆ ಮಾಡಿಕೊಂಡು ನಿಟ್ಟುಸಿರಿಟ್ಟರು.

“ತಪ್ಪು ತಿಳಿಯಬೇಡಿ ಸಾರ್. ಇದು ಅಸಲಿ ಅಲ್ಲ. ನಮ್ಮ ಪಾಲಾರಿವಟ್ಟಂನಲ್ಲಿದ್ದದ್ದು ಮಳೆ ಬಂದರೂ ಉದುರಿರಲಿಲ್ಲ. ದಾರಿಯಲ್ಲಿ ನಿಮಗೆ ಯಾರೋ ಮೋಸ ಮಾಡಿದ್ದಾರೆ.”

ಒಳಗೆ ಚಂದ್ರಾವತಿಗೆ ನಗು ತಡೆಯಲಾಗಲಿಲ್ಲ. ಆ ಸದ್ದಿಗೆ ಮಗು ಎಚ್ಚರಗೊಂಡು, ಉಳ್ಳೂರಿಗೆಲ್ಲ ಕೇಳುವಂತೆ ಅಳತೊಡಗಿತು. ಪಿಳ್ಳೆಯವರಿಗೆ ಏನೋ ಉತ್ತರ ಕೊಡಲು ಹೊರಟಿದ್ದ ಯಜ್ಞನಾರಾಯಣ ಅದನ್ನು ಅರ್ಧಕ್ಕೇ ಬಿಟ್ಟು, ಗುಲಾಬಿಯನ್ನೂ ನಮ್ಮಿಬ್ಬರನ್ನೂ ಅಂಗಳದಲ್ಲೇ ನಿಲ್ಲಿಸಿ, ಒಳಗೆ ಓಡಿದ.